ಮೂಲೆಮಟ್ಟಕ್ಕೆ ಹಚ್ಚಿದ ಗಂಧ

ಬೆಳಗಿನ ಬಿಸಿಲು ಶೆಡ್ಡಿನೊಳಗೆ ಇಳಿದಾಗ ನಮ್ಮ ಮೇಷ್ಟ್ರ ಮುಂಗೈ ಕೂದಲಲ್ಲಿ ಕಬ್ಬಿಣದ ಪುಡಿ ಮಿನುಗುತ್ತಿತ್ತು. ಹೊಸೂರಿನ ಐಟಿಐಯಲ್ಲಿ ಅವರು ನಮಗೆ ಫಿಟ್ಟರ್ ಕೆಲಸ ಕಲಿಸುತ್ತಿದ್ದರು. ಅರಗಳೆಲ್ಲ ಒಟ್ಟಿಗೆ ಉಜ್ಜುವ ಸದ್ದಿನಲ್ಲಿ ನನಗೆ ಜೊಂಪು ಹತ್ತಿದಂತಾಗಿ, ಉದ್ದನಪಲ್ಲಿಯ ನಮ್ಮ ರಾಗಿ ಹೊಲ, ಅಪ್ಪನ ಸಿಡುಕು ಎಲ್ಲ ದೂರ ತೇಲಿಹೋಗುತ್ತಿದ್ದವು. ಕೈ ಮಾತ್ರ ಅವಸರ ಮಾಡುತ್ತಿತ್ತು.

“ಮೆಲ್ಲಗೆ ಉಜ್ಜಮ್ಮಾ, ಕಬ್ಣ ಎಲ್ಲೂ ಓಡೋಗಲ್ಲ,” ಎನ್ನುತ್ತಿದ್ದರು ಮೇಷ್ಟ್ರು.

ಎಂಬತ್ತರ ದಶಕ. ಊರಾಚೆ ಕಾರ್ಖಾನೆಗಳು ಏಳುತ್ತಿದ್ದವು, ನಮ್ಮಲ್ಲಿದ್ದದ್ದು ಹಳೇ ಯಂತ್ರಗಳು. ಮೇಷ್ಟ್ರು ಒಂದು ಹೊಸ ಕಾರ್ಖಾನೆಯ ಗೇಟಿಗೆ ಸೈಕಲ್ ತುಳಿದು ತುಳಿದು ಮಾತು ಕುದುರಿಸಿದ್ದರು: ಅರ್ಧ ವಾರ ನಮ್ಮಲ್ಲಿ ಪಾಠ, ಅರ್ಧ ವಾರ ಅಲ್ಲಿ ಕೆಲಸ. ಮೊದಲು ಅಲ್ಲಿನ ಆಫೀಸರು ನಮ್ಮ ಕೈಕೆಲಸ ನೋಡಿ ಒಪ್ಪಬೇಕಿತ್ತು. ಒಪ್ಪದಿದ್ದರೆ ನಿನ್ನನ್ನು ರಾಯಕೋಟೆಯ ಗಂಡಿಗೆ ಕೊಟ್ಟುಬಿಡುತ್ತೇನೆ, ಕಲಿತದ್ದು ಸಾಕು ಎಂದು ಅಪ್ಪ ಹೇಳಿಬಿಟ್ಟಿದ್ದ.

ಆಫೀಸರು ಬಂದದ್ದು ಕಾರ್ಖಾನೆಗೆ ರಜೆಯಿದ್ದ ವಿಜಯದಶಮಿಯ ಬೆಳಿಗ್ಗೆ. ಹಿಂದಿನ ದಿನದ ಆಯುಧಪೂಜೆಯಲ್ಲಿ ಮೇಷ್ಟ್ರು ಒಂದೊಂದು ಉಪಕರಣಕ್ಕೂ ತಾವೇ ಗಂಧ, ಕುಂಕುಮ ಹಚ್ಚಿದ್ದರು. ಶೆಡ್ಡಿನಲ್ಲಿ ಇನ್ನೂ ಸಾಂಬ್ರಾಣಿಯ ವಾಸನೆ, ಚೆಂಡುಹೂವಿನ ಹಳದಿ. ನಾನು ಉಜ್ಜಿ ಮುಗಿಸಿದ್ದ ಚೌಕದ ತುಂಡನ್ನು ಆಫೀಸರು ಎತ್ತಿಕೊಂಡು, ಮೂಲೆ ನೇರವಿದೆಯೇ ಎಂದು ನೋಡುವ ಮೂಲೆಮಟ್ಟಕ್ಕೆ ಒತ್ತಿ ಕಿಟಕಿಯತ್ತ ಹಿಡಿದರು. ಸಂದಿಯಲ್ಲಿ ಬೆಳಕಿನ ಎಳೆಯೊಂದು ತೂರಿತು. ಪಕ್ಕದವಳ ತುಂಡಿನಲ್ಲೂ ಅಷ್ಟೇ. ಇವರಿನ್ನೂ ಕಲಿಯಬೇಕು, ಮುಂದಿನ ವರ್ಷ ನೋಡೋಣ ಎಂದು ಕೆಳಗಿಟ್ಟರು.

ಮೇಷ್ಟ್ರು ಮೂಲೆಮಟ್ಟ ತೆಗೆದುಕೊಂಡು ಅದರ ಒಳಬದಿಗೆ ಉಗುರು ಎಳೆದರು. ಒಣಗಿದ ಗಂಧ ಪುಡಿಯಾಗಿ ಉದುರಿತು. ಶಿಷ್ಯರ ಮುಂದೆ ಮುಖ ಸಣ್ಣದಾದರೂ ಅವರು ಹಿಂಜರಿಯಲಿಲ್ಲ.

“ಮಕ್ಳ ಕೆಲ್ಸ ಸರಿಯಾಗೈತೆ ಸಾರ್. ಅಳ್ಯೋ ಜಾಗಕ್ಕೆ ಗಂಧ ಬಳ್ದೋನು ನಾನು. ಇನ್ನೊಂದ್ ಕಿತ ನೋಡಿ.”

ಪಂಚೆಯ ಅಂಚಿನಿಂದ ಒರೆಸಿ ಕೊಟ್ಟರು. ಈ ಸಲ ಬೆಳಕು ತೂರಲಿಲ್ಲ. ಆಫೀಸರು ನಕ್ಕು, ಸೋಮವಾರದಿಂದ ಎಲ್ಲರನ್ನೂ ಕಳಿಸಿ ಎಂದರು. ಮನೆಗೆ ಹೋಗುವ ಬಸ್ಸಿನಲ್ಲಿ ಹೊಲಗಳು ಕನಸಿನಲ್ಲಿ ಸರಿದಂತೆ ಸರಿದವು.

ಆ ಕಾರ್ಖಾನೆಯಲ್ಲೇ ನನಗೆ ಕೆಲಸವಾಯಿತು. ಮೇಷ್ಟ್ರು ಬಹಳ ವರ್ಷ ಬದುಕಲಿಲ್ಲ. ಅವರು ತೀರಿಕೊಂಡ ದಿನ ಕೃಷ್ಣಗಿರಿಯ ಅವರ ಮನೆಗೆ ಅಪ್ಪನೂ ನನ್ನ ಜೊತೆ ಬಂದ. ಹೆಗಲ ಟವಲು ತೆಗೆದು ಕಂಕುಳಲ್ಲಿಟ್ಟುಕೊಂಡು ಅವರ ಕಾಲ ಬಳಿ ಬಹಳ ಹೊತ್ತು ನಿಂತಿದ್ದ.

“ನಾನು ನಿನ್ನ ಕೊಟ್ಬುಡ್ತಿದ್ದೆ ಕಣಮ್ಮಾ,” ಎಂದ ಮೆಲ್ಲಗೆ. “ಇವ್ರು ಬುಡ್ಲಿಲ್ಲ.”