ಅತ್ತೆಯ ಗೋಡೆಯೊಳಗಿನ ವೈರು

ನಮ್ಮೂರು ಬೂದಿಕೋಟೆಯಿಂದ ಬಂದು ಬಂಗಾರಪೇಟೆಯಲ್ಲಿ ಊರಿಗಾಂ ಬಸ್ಸು ಹತ್ತಿದೆ. ಪಕ್ಕದ ಸೀಟಿನ ಯಜಮಾನರು ಕುತ್ತಿಗೆ ತುಂಬ ಪೌಡರ್ ಬಳಿದುಕೊಂಡಿದ್ದರು. ನಿಮಗಾದರೆ ಆ ವಾಸನೆಗೆ ಎಳೆಮಗುವೋ ಮದುವೆಮನೆಯೋ ನೆನಪಾದೀತು. ನನಗೆ ನೆನಪಾಗುವುದು ಕರೆಂಟಿನ ವೈರು. ಪೈಪಿನೊಳಗೆ ಜಾರಲಿ ಅಂತ ವೈರಿಗೆ ಪೌಡರ್ ಸವರುತ್ತಾರೆ. ಇದನ್ನು ಯಾವ ಗುರುವೂ ಹೇಳಿಕೊಡಲಿಲ್ಲ, ಫೋನು ಹೇಳಿಕೊಟ್ಟಿತು. ನನ್ನ ವಿದ್ಯೆಯೆಲ್ಲ ಅಲ್ಲಿಂದಲೇ ಬಂದದ್ದು, ನಡುನಡುವೆ ಜಾಹೀರಾತಿನ ಸಮೇತ.

ಆ ವಿದ್ಯೆಗೆ ಮೊದಲು ಸಿಕ್ಕಿಬಿದ್ದವಳು ಊರಿಗಾಂನ ಅತ್ತೆ, ಅಪ್ಪನ ತಂಗಿ. ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಮೆಷಿನ್ನಿಗೆ ಮೋಟರು ಹಾಕಿಸಿದ ಮೇಲೆ ಹಳೇ ವೈರು ಬಿಸಿಯಾಗಿ ಸುಟ್ಟ ವಾಸನೆ ಬರತೊಡಗಿತ್ತು. ಬಂದ ಎಲೆಕ್ಟ್ರಿಷಿಯನ್ನರೆಲ್ಲ ಗೋಡೆ ಕೊರೆಯಬೇಕು ಅಂದರು. ಅತ್ತೆ ಕಾಫಿ ಕೊಟ್ಟು ಕಳಿಸಿದಳು.

ಆ ಗೋಡೆಯ ಕಥೆಯೇ ಬೇರೆ. ಊರಿನ ಚಿನ್ನದ ಗಣಿ ನಡೆಯುತ್ತಿದ್ದಾಗ ನೆಲದಡಿ ಬಂಡೆ ಸಿಡಿದಾಗಲೆಲ್ಲ ಮನೆ ನಡುಗಿ ನಡುಗಿ, ಗಾರೆ ಇಟ್ಟಿಗೆಯ ಸಂಗ ಬಿಟ್ಟಿತ್ತು. ಕೆಲವು ಗಂಡ ಹೆಂಡಿರ ಹಾಗೆ ಬರೀ ಮರ್ಯಾದೆಗೆ ಒಟ್ಟಿಗೆ ನಿಂತಿದ್ದವು. ತಟ್ಟಿದರೆ ಮಡಕೆಯ ಸದ್ದು. ಹಿಂದೊಮ್ಮೆ ಕ್ಯಾಲೆಂಡರಿಗೆ ಮೊಳೆ ಹೊಡೆಯಲು ಹೋಗಿ ಬಾಗಿಲಗಲ ಗಾರೆ ಕೆಳಗೆ ಬಂದಿತ್ತಂತೆ.

"ಮದ್ವೆ ಸೀಜನ್ನು ಕಣ್ಲಾ," ಅಂದಳು ಅತ್ತೆ. "ಗ್ವಾಡೆ ಬಿದ್ರೆ ಅಂಗ್ಡೀನೂ ಬಿದ್ದಂಗೇಯ. ಉಳಿ ಮುಟ್ಟಿದ್ರೆ ಕೈ ಮುರೀತೀನಿ."

ನನಗೆ ಉಳಿ ಬೇಕಿರಲಿಲ್ಲ. ಗೋಡೆಯೊಳಗೆ ಕಬ್ಬಿಣದ ಪೈಪಿತ್ತು. ಹಳೇ ವೈರಿನ ಬಾಲಕ್ಕೆ ಹೊಸದನ್ನು ಕಟ್ಟಿ ಮೇಲಿಂದ ಎಳೆದರೆ ಹಳೆಯದು ಹೊರಗೆ, ಹೊಸದು ಒಳಗೆ. ಗಂಟು ನಡುದಾರಿಯಲ್ಲಿ ಬಿಚ್ಚಿಕೊಂಡರೆ ಮಾತ್ರ ಗೋಡೆ ಒಡೆಯದೆ ಗತಿಯಿಲ್ಲ.

ಮೇನ್ ಆಫ್ ಮಾಡಿ ಏಣಿ ಹತ್ತಿ, ಸೂರಿನ ಹತ್ತಿರ ಪೈಪು ಬಂದು ಸೇರುವ ಡಬ್ಬಿಯ ಮುಂದೆ ನಿಂತೆ. ಕೆಳಗಿನಿಂದ ವೈರು ತಳ್ಳಲು ಪಕ್ಕದ ಮನೆಯ ಸೆಲ್ವಿಯಕ್ಕ ಬಂದರು. ಅವರ ಮಾತು ಅರ್ಧ ತಮಿಳು, ಅರ್ಧ ಕನ್ನಡ, ಬೈಗುಳಕ್ಕೆ ತೆಲುಗು.

"ಇಳು ತಂಬಿ, ಇಳು!"

ಇಳಿದೆ.

"ಯಾಕ್ ಇಳ್ದೆ?"

"ನೀವೇ ಇಳಿ ಅಂದ್ರಲ್ಲಕ್ಕಾ."

"ಅಯ್ಯೋ, ವೈರ್ ಇಳು ಅಂದೆ! ತಮಿಳ್ನಲ್ಲಿ ಇಳು ಅಂದ್ರೆ ಎಳಿ!"

ಅತ್ತೆ ನಕ್ಕು ನಕ್ಕು ಮೆಷಿನ್ ಮೇಲೆ ಬಿದ್ದಳು. "ಬೂದಿಕೋಟೆಯಿಂದ ಬರೋವಾಗ ಕಿವಿ ಬಸ್ಸಾಗೇ ಬಿಟ್ ಬಂದವ್ನೆ ಬಡ್ಡೀಮಗ."

ಇಳು ಅಂದರೆ ಎಳೆ. ಬಾಯಿಪಾಠ ಮಾಡಿಕೊಂಡು ಮತ್ತೆ ಹತ್ತಿದೆ. ಅರ್ಧ ವೈರು ಬೆಣ್ಣೆಯಂತೆ ಬಂದು, ಆಮೇಲೆ ಹಟ ಹಿಡಿಯಿತು. ನಾನು ಜಗ್ಗುತ್ತಿದ್ದಾಗ ಡಬ್ಬಿಯ ಸುತ್ತ ಗೋಡೆ ಬಿರುಕು ಬಿಡುತ್ತಿದ್ದದ್ದು ಅತ್ತೆಗೆ ಕಂಡಿತು, ನನಗೆ ಕಾಣಲಿಲ್ಲ. ಅವಳು ಅಪ್ಪಟ ಕನ್ನಡದಲ್ಲಿ ಕಿರುಚಿದಳು: "ಇಳೀ! ಇಳೀ!"

ಅತ್ತೆಯೂ ತಮಿಳಿಗೆ ಸೇರಿದಳಲ್ಲ ಅಂತ ನನಗೆ ಹುರುಪು ಬಂತು. ಎರಡೂ ಕೈಯಲ್ಲಿ ಎಳೆದೆ.

ಸರ್ರನೆ ವೈರು ಬಂತು. ಹಿಂದೆಯೇ ಮೊರದಗಲ ಗಾರೆ ನನ್ನ ತಲೆ ಮೇಲೆ ಬಂತು. ಆಮೇಲೆ ಮೂವರೂ ಉಳಿದ ಗೋಡೆಯನ್ನು ನೋಡಿದೆವು. ಒಂದಿಷ್ಟು ಮರಳು ಸುರಿಯಿತು. ನಿಂತಿತು. ಗೋಡೆಯೂ ನಿಂತಿತ್ತು.

ವೈರು ಜೋಡಿಸಿ ಮೇನ್ ಹಾಕಿದಾಗ ಮೋಟರು ಗುಂಯ್ ಅಂದಿತು. ತೂತಿಗೆ ಗಾರೆ ಮೆತ್ತಲೇ ಅಂತ ಕೇಳಿದೆ.

"ಇನ್ನೊಂದ್ ಸಲ ಅದನ್ನ ಮುಟ್ಟೀಯ! ದೊಡ್ ಸ್ವಿಚ್ ಬೋರ್ಡ್ ತಂದು ಮುಚ್ಚು."

ಹಾಗಾಗಿ ಆ ಕೋಣೆಯ ಲೈಟು ಫ್ಯಾನುಗಳ ಸ್ವಿಚ್ಚು ಇರುವುದು ಸೂರಿನ ಹತ್ತಿರ.

ಇವತ್ತು ಬಸ್ಸಿಳಿದು ಅಲ್ಲಿಗೇ ಹೋದೆ. ಅಳತೆ ಕೊಡಲು ಒಬ್ಬ ಹೆಂಗಸು ನಿಂತಿದ್ದಳು. ಅತ್ತೆ ತಲೆ ಎತ್ತದೆ, ಬಟ್ಟೆ ಅಳೆಯುವ ಕೋಲಿನಿಂದ ಫ್ಯಾನ್ ಹಾಕಿದಳು.

"ಯಾವ್ ಪುಣ್ಯಾತ್ಮನಮ್ಮಾ ಸ್ವಿಚ್ಚನ್ನ ಆಕಾಸ್ದಾಗೆ ಇಕ್ಕಿದ್ದು?"

ನಾನು ಬ್ಲೌಸಿನ ಗುಂಡಿಗಳ ಡಬ್ಬಿಯಲ್ಲಿ ಬಹಳ ಆಸಕ್ತಿ ತೋರಿಸಿದೆ.

"ಇವ್ನೇ, ನಮ್ಮಣ್ಣನ ಮಗ," ಅಂದಳು ಅತ್ತೆ. "ಮಕ್ಳು ಕೈ ಇಕ್ತವೆ ಅಂತ ಯೋಚ್ನೆ ಮಾಡಿ ಇಕ್ಕವ್ನೆ."

ಹೆಂಗಸು ನನ್ನತ್ತ ತಿರುಗಿದಳು. "ನಮ್ಮನೇಲೂ ಅಂಗೇ ಇಕ್ಕೊಡಪ್ಪಾ."

"ನಿಮ್ಗೆ ಕೆಳಗೇ ಇಕ್ಕೊಡ್ತೀನಿ ಬಿಡಕ್ಕಾ," ಅಂದೆ.

ಅವಳ ಮುಖ ಸಣ್ಣದಾಯಿತು.

"ಯಾಕಪ್ಪಾ, ನಮ್ ಮಕ್ಳು ಮಕ್ಳಲ್ವಾ?"