ಒಂದಕ್ಕೆ ಹೇಗೆ?

ಕಾಪುವಿನ ರಸ್ತೆ ಬದಿಯಲ್ಲಿ ನಲವತ್ತು ವರ್ಷ ಮೀನು ಮಾರಿದವಳು ನಾನು. ಒಂದು ದಿನ ಮಣಿಪಾಲದ ಹುಡುಗಿಯೊಬ್ಬಳು ನೋಟ್ ಪುಸ್ತಕ ಹಿಡಿದು ನನ್ನ ಬುಟ್ಟಿಯ ಮುಂದೆ ಕೂತು ಮೆಲ್ಲಗೆ ಕೇಳಿದಳು: "ಅಮ್ಮಾ, ಇಲ್ಲಿ ಒಂದಕ್ಕೆಲ್ಲ ಹೇಗೆ?"

"ಒಂದಕ್ಕೆ ಇನ್ನೂರು. ಎರಡಕ್ಕಾದರೆ ಸ್ವಲ್ಪ ಬಿಡ್ತೇನೆ."

ಪಕ್ಕದ ಬುಟ್ಟಿಯವಳು ಬಿದ್ದು ಬಿದ್ದು ನಕ್ಕಳು. "ಅಕ್ಕಾ, ಅವಳು ಕೇಳಿದ್ದು ಮೀನಲ್ಲ ಮಾರಾಯ್ರೆ! ಉಚ್ಚೆ ಹೊಯ್ಯಲಿಕ್ಕೆ ಎಲ್ಲಿಗೆ ಹೋಗ್ತೀರಿ ಅಂತ!"

ಗಂಡ ಇದನ್ನು ಕೇಳಿರಲಿಲ್ಲ, ಓಟು ಕೇಳಲು ಬಂದವರೂ ಕೇಳಿರಲಿಲ್ಲ. ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ.

"ಎಲ್ಲಿಗೂ ಇಲ್ಲ. ಮನೆ ಮುಟ್ಟುವ ತನಕ ನೀರು ಕುಡಿಯುವುದಿಲ್ಲ," ಎಂದೆ.

ಬರೆಯುತ್ತಿದ್ದ ಹುಡುಗಿ ತಲೆ ಎತ್ತಿದಳು. "ಹೋಗುವಾಗ ಉರಿ ಉಂಟಾ?"

"ಹೆಂಗಸರಿಗೆ ಅದು ಇರುವುದೇ ಅಲ್ವಾ?"

"ಇಲ್ಲಮ್ಮ. ಅದು ಕಾಯಿಲೆ."

ಅಷ್ಟು ವರ್ಷ ಹೆಣ್ಣಿನ ಹಣೆಬರಹ ಎಂದುಕೊಂಡದ್ದು ಬರೀ ಕಾಯಿಲೆಯಾಗಿತ್ತು.

ಅವಳೂ ಗೆಳತಿಯರೂ ಸೇರಿ ಮಾಡಿದ ಸಣ್ಣ ಕಂಪೆನಿ ನಮ್ಮ ಹಿಂದುಗಡೆಯೇ ಎರಡು ಪಾಯಿಖಾನೆ ಕಟ್ಟಿಸಿ, ನೋಡಿಕೊಳ್ಳುವ ಕೆಲಸವನ್ನೂ ಬೀಗದ ಕೈಯನ್ನೂ ನಮಗೇ ಕೊಟ್ಟಿತು. ಮೊದಲ ದಿನ ವ್ಯಾಪಾರದ ನಡುವೆ ಒಂದು ಚೊಂಬು ನೀರು ಪೂರ್ತಿ ಕುಡಿದೆ. ಎದ್ದು ಹೋಗುವಾಗ ಕಳ್ಳತನಕ್ಕೆ ಹೊರಟವಳ ಹಾಗೆ ಆಚೆ ಈಚೆ ನೋಡಿಕೊಂಡೆ.