ಬೂದು ಬೆಕ್ಕಿನ ಮರಿಗಳು

ಮಾನ್ವಿಯಲ್ಲಿ ಈಗ ಕೆಲವರು ನನ್ನನ್ನು ಬೆಕ್ಕಿನ ಟೀಚರ್ ಎನ್ನುತ್ತಾರೆ. ಬೀದಿ ಬೆಕ್ಕುಗಳಿಗೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸುವುದು ಹೇಗೆ ಎಂದು ಯಾರಾದರೂ ಕೇಳಿದರೆ, ಮೊದಲು ಹೊಟ್ಟೆ ನೋಡಿ, ಹಾಲೂಡುವ ಬೆಕ್ಕಾದರೆ ಹಿಡಿಯಬೇಡಿ ಎನ್ನುತ್ತೇನೆ. ಎಷ್ಟೆಲ್ಲ ತಿಳಿದುಕೊಂಡಿದ್ದೀರಿ ಎಂದು ಮೆಚ್ಚುತ್ತಾರೆ. ಎಲ್ಲಿ ಕಲಿತೆ ಎಂಬುದನ್ನು ಮಾತ್ರ ಯಾರಿಗೂ ಹೇಳಿಲ್ಲ.

ಆಗ ನಾನು ದೇವದುರ್ಗದ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮೀನಿನ ಅಂಗಡಿಗಳ ಹಿಂದೆ ಬಾಗಿಲು ಮುಚ್ಚಿದ ಒಂದು ಗೋದಾಮಿತ್ತು. ಅಲ್ಲಿ ಹತ್ತು ಹನ್ನೆರಡು ಬೆಕ್ಕುಗಳಿದ್ದವು. ವರ್ಷಕ್ಕೆ ಎರಡು ಮೂರು ಸಲ ಮರಿ ಹಾಕುತ್ತಿದ್ದವು. ಅಂಗಡಿಯವರು ಬೇಸತ್ತು, ಚೀಲದಲ್ಲಿ ತುಂಬಿ ಹೊಳೆ ದಂಡೆಗೆ ಬಿಟ್ಟು ಬರುವ ಮಾತಾಡುತ್ತಿದ್ದರು. ನಾನು ಮಧ್ಯೆ ಹೋಗಿ, ಎಲ್ಲಕ್ಕೂ ಆಪರೇಷನ್ ಮಾಡಿಸಿ ಇಲ್ಲಿಗೇ ತಂದು ಬಿಡುತ್ತೇನೆ ಎಂದೆ. ರಾಯಚೂರಿನ ಪಶುವೈದ್ಯರೊಬ್ಬರು ಗುರುವಾರಕ್ಕೆ ನಾಲ್ಕರಂತೆ ಮಾಡಿಕೊಡಲು ಒಪ್ಪಿದ್ದರು. ನಾಲ್ಕು ಬೋನು ಹೊಂದಿಸಿದೆ. ಬೇಸಿಗೆ ರಜೆ ಬೇರೆ ಇತ್ತು.

ಆ ಬೆಕ್ಕುಗಳನ್ನು ನಿಜವಾಗಿ ಬಲ್ಲವಳು ಖಾಲಾ. ಗೂಗಲ್ ಎಂಬ ಊರಿನ ಕಡೆಯಿಂದ ಬರುವ ಹೊಳೆ ಮೀನು ಮಾರುತ್ತಿದ್ದ ಆ ಮುಸ್ಲಿಂ ಹೆಂಗಸನ್ನು ಎಲ್ಲರೂ ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ಮೀನಿನ ತಲೆ, ಕರುಳು ಒಂದು ತಗಡಿಗೆ ಹಾಕಿ ದಿನಾ ಒಂದೇ ಹೊತ್ತಿಗೆ ಇಡುತ್ತಿದ್ದಳು. ಯಾವ ಬೆಕ್ಕು ಬಂದಿಲ್ಲ ಎಂದು ಎಣಿಸದೆಯೇ ಹೇಳುತ್ತಿದ್ದಳು.

ಎರಡನೇ ಗುರುವಾರ ಬೆಳಿಗ್ಗೆ ಮೂರು ಬೆಕ್ಕು ಸಿಕ್ಕಿದ್ದವು. ನಾಲ್ಕನೆಯ ಬೋನಿಗೆ ಬೂದು ಬಣ್ಣದ್ದೊಂದು ತಾನಾಗಿ ನುಗ್ಗಿತು. ಖಾಲಾ ಮೀನು ಬಿಟ್ಟು ಎದ್ದು ಬಂದಳು.

"ಅದನ್ನ ಬಿಡ್ರಿ ಟೀಚರ್. ಅದು ಮರಿ ಹಾಕ್ಯಾದ."

"ಎಲ್ಲಿ ಅದಾವ ಮರಿ?"

"ನಾ ನೋಡಿಲ್ರೀ. ಆದ್ರ ಎರಡು ವಾರ ಆತು, ತಿಂದ ಕೂಡ್ಲೇ ಓಡಿ ಹೋಗಾಕತ್ಯಾದ."

"ಹೊಟ್ಟಿ ತುಂಬಿರತದ, ಓಡತದ. ಖಾಲಾ, ನಾ ಮಕ್ಕಳಿಗೆ ಇದನ್ನ ಪಾಠ ಮಾಡಾಕಿ ಇದ್ದೀನಿ" ಎಂದು ನಕ್ಕೆ. ಸುತ್ತಲಿದ್ದ ಅಂಗಡಿಯವರೂ ನಕ್ಕರು. ಅವಳು ತಿರುಗಿ ಹೋಗಿ ಮೀನು ಹೆಚ್ಚಲು ಕೂತಳು.

ರಾಯಚೂರಿನ ದಾರಿಯಲ್ಲಿ, ಗಬ್ಬೂರಿನಲ್ಲಿ ಚಹಕ್ಕೆಂದು ಟಂಟಂ ಆಟೊ ನಿಲ್ಲಿಸಿದಾಗ ಬೋನಿನ ಮೇಲಿನ ಬಟ್ಟೆ ಸರಿಸಿ ನೋಡಿದೆ. ಬೂದು ಬೆಕ್ಕು ಒಂದು ಮಗ್ಗುಲಾಗಿ ಮಲಗಿತ್ತು. ಮೊಲೆಗಳು ಕೆಂಪಗೆ ಉಬ್ಬಿದ್ದವು, ಸುತ್ತ ಕೂದಲಿರಲಿಲ್ಲ. ತಿರುಗಿಸು ಎಂದು ಟಂಟಂನವನಿಗೆ ಹೇಳಬಹುದಿತ್ತು. ಹೇಳಿದ್ದರೆ ನಕ್ಕಿದ್ದ ಅಷ್ಟೂ ಅಂಗಡಿಯವರ ಮುಂದೆ ಬೋನು ಇಳಿಸಿ, ಖಾಲಾ ಹೇಳಿದ್ದೇ ಸರಿ ಎನ್ನಬೇಕಾಗುತ್ತಿತ್ತು. ಬಟ್ಟೆ ಎಳೆದು ಮುಚ್ಚಿದೆ.

ರಾಯಚೂರಿನಲ್ಲಿ ಡಾಕ್ಟರು ನೋಡಿದ ತಕ್ಷಣ ಕೇಳಿದರು. "ಹಾಲು ಅದ ಅಲ್ರೀ ಇದಕ್ಕ. ಮರಿ ಸಣ್ಣವಿದ್ರ ಇವತ್ತು ಬ್ಯಾಡ, ಈಗಲೇ ವಾಪಸ್ ಒಯ್ದು ಬಿಡ್ರಿ."

"ಮರಿ ದೊಡ್ಡವಾಗ್ಯಾವ ಸರ್. ತಾವೇ ತಿನ್ನಾಕತ್ತಾವ."

ಎಷ್ಟು ಸಲೀಸಾಗಿ ಬಂತು ಆ ಮಾತು. ಅವರು ನಂಬಿದರು. ಆಪರೇಷನ್ ಆಯಿತು, ಗುರುತಿಗೆ ಎಡಗಿವಿಯ ತುದಿ ಕತ್ತರಿಸಿದರು. ಬೂದು ಬೆಕ್ಕೂ ಉಳಿದ ಮೂರರ ಜೊತೆ ಆ ರಾತ್ರಿ ಅಲ್ಲೇ ಉಳಿಯಿತು. ನಾನು ಅಕ್ಕನ ಮನೆಯಲ್ಲಿ ಉಂಡು, ಬೆಕ್ಕುಗಳ ಬಗ್ಗೆ ಅವಳಿಗೆ ದೊಡ್ಡದಾಗಿ ವಿವರಿಸಿದೆ.

ಮರುದಿನ ದೇವದುರ್ಗ ಮುಟ್ಟಿದಾಗ ಮಧ್ಯಾಹ್ನ ಸುಡುತ್ತಿತ್ತು. ಖಾಲಾಳ ಮುಂದೆ ಮೀನಿರಲಿಲ್ಲ. ಬುಟ್ಟಿಯಲ್ಲಿ ಒದ್ದೆ ಬಟ್ಟೆಯ ಮೇಲೆ ಎರಡು ಮರಿಗಳಿದ್ದವು, ಆಗಷ್ಟೇ ಕಣ್ಣು ತೆರೆದಂಥವು. ಅರಳೆಯ ಬತ್ತಿಯನ್ನು ಆಡಿನ ಹಾಲಿನಲ್ಲಿ ಅದ್ದಿ ಬಾಯಿಗಿಡುತ್ತಿದ್ದಳು.

"ನಿನ್ನೆ ಸಂಜಿಯಿಂದ ಒದರಾಕತ್ತಿದ್ವು. ಎಲ್ಲಿ ಅಂತ ಗೊತ್ತಾಗ್ಲಿಲ್ಲ. ಮುಂಜಾನೆ ಗೋದಾಮಿನ ಚಾವಣಿ ತಗಡು ಎಬ್ಬಿಸಿ ನೋಡಿದ್ರ ಅಟ್ಟದ ಮ್ಯಾಲ ಇದ್ವು" ಎಂದಳು. "ನಾಕು ಇದ್ವು."

ಉಳಿದೆರಡನ್ನು ಗೋದಾಮಿನ ಗೋಡೆಯ ಬುಡದಲ್ಲಿ ಹೂಳಿದ್ದಳು. ಹಾಲಿಲ್ಲದೆಯೋ, ತಗಡಿನ ಕಾವಿಗೋ ಸತ್ತಿದ್ದವು.

ನಾನು ಬೋನಿನ ಬಾಗಿಲು ತೆಗೆದೆ. ಬೂದು ಬೆಕ್ಕು ಓಡಿಹೋಯಿತು. ಖಾಲಾ ಬುಟ್ಟಿಯನ್ನು ಗೋದಾಮಿನ ನೆರಳಿಗಿಟ್ಟು, ನನ್ನನ್ನೂ ದೂರ ಕರೆದು ಕೂರಿಸಿದಳು. ಬಹಳ ಹೊತ್ತಿನ ಮೇಲೆ ಅದು ಬಂದು, ಒಂದೊಂದಾಗಿ ಎರಡನ್ನೂ ಕಚ್ಚಿಕೊಂಡು ಒಳಗೆ ಹೋಯಿತು. ಅವಳು ಬೈದಿದ್ದರೆ ಚೆನ್ನಾಗಿತ್ತು. ಬದಲಿಗೆ ಹೇಳಿದಳು: "ನಿಮ್ಮದೇನು ತಪ್ಪಿಲ್ಲ ಬಿಡ್ರಿ. ನೀವು ಓದಿದೋರು, ನಿಮಗ ಗೊತ್ತಿರತದ ಅಂತ ನಾನೇ ಸುಮ್ಮನಾದೆ. ಇನ್ನೊಮ್ಮೆ ಹೇಳಬೇಕಿತ್ತು."

ನಾನು ತಲೆಯಾಡಿಸಿದೆ. ತಪ್ಪು ಅವಳದೇ ಎಂಬಂತೆ ತಲೆಯಾಡಿಸಿದೆ.

ಮೂರು ದಿನಕ್ಕೆ ಇನ್ನೊಂದು ಮರಿ ಸತ್ತಿತು. ಒಂದು ಬದುಕಿತು. ಮುಂದಿನ ಗುರುವಾರ ಡಾಕ್ಟರು "ಆ ಹಾಲಿನ ಬೆಕ್ಕು ಹೆಂಗದ?" ಎಂದರೆ, ಆರಾಮ ಅದ ಎಂದೆ. ಜೂನ್‌ನಲ್ಲಿ ಶಾಲೆ ತೆರೆದಾಗ ಮುಖ್ಯೋಪಾಧ್ಯಾಯರು ಪ್ರಾರ್ಥನೆಯ ಹೊತ್ತಿನಲ್ಲಿ ನನ್ನನ್ನು ಮುಂದೆ ಕರೆದು ಮೂಕಪ್ರಾಣಿಗಳ ಸೇವೆ ಎಂದು ಹೊಗಳಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಕೈ ಮುಗಿದು ನಿಂತಿದ್ದೆ.

ಮುಂದೆ ಮಾನ್ವಿಗೆ ವರ್ಗವಾಯಿತು. ಹೊರಡುವ ದಿನ ಮೀನಿನ ಅಂಗಡಿಗೆ ಹೋದೆ.

"ಖಾಲಾ, ಡಾಕ್ಟರು ಅವತ್ತು ಕೇಳಿದ್ರು, ಮರಿ ಸಣ್ಣವೇನು ಅಂತ. ನಾನು ದೊಡ್ಡವು ಅಂದೆ."

ಅವಳ ಕೈಯಲ್ಲಿದ್ದ ಕತ್ತಿ ನಿಂತಿತು. "ನಿಮಗ ಗೊತ್ತಿರಲಿಲ್ಲಲ್ಲ."

"ಗೊತ್ತಿತ್ತು. ಗಬ್ಬೂರಾಗ ನೋಡಿದ್ದೆ."

ಅವಳು ನನ್ನ ಮುಖವನ್ನೇ ನೋಡಿದಳು. ಅಷ್ಟರಲ್ಲಿ ಯಾರೋ ಮೀನು ಕೇಳಲು ಬಂದರು. ಅವರಿಗೆ ತೂಗಿ, ಹೊಟ್ಟೆ ಸೀಳಿ, ತೊಳೆದು ಕೊಟ್ಟಳು. ನಾನು ನಿಂತೇ ಇದ್ದೆ.

"ಬಸ್ಸಿನ ಹೊತ್ತಾತು, ಹೋಗ್ರಿ ಟೀಚರ್" ಎಂದಳು, ತಲೆ ಎತ್ತದೆ. ಹೋಗಿ ಬರ್ರಿ ಎನ್ನಲಿಲ್ಲ.